ಕೊಟ್ರಯ್ಯನ ಪಾದ

ಹೊಳೆಯ ದಡದಲ್ಲಿ ಮರುಳಯ್ಯ ಪಂಡಿತರ ಆಶ್ರಮ. ಅಲ್ಲಿ ವೈದ್ಯ ಕಲಿಯಲು ಬಂದು ಮೂರು ವರ್ಷವಾಗಿದ್ದವನು ವಾಮದೇವ. ಎಲ್ಲರಿಗೂ ಬೇಯಿಸಿ ಹಾಕುತ್ತಿದ್ದವನು ಮುದುಕ ಕೊಟ್ರಯ್ಯ.

ಒಮ್ಮೆ ಗುರುಗಳು ಇಪ್ಪತ್ತು ದಿನ ಪರವೂರಿಗೆ ಹೊರಟರು. "ರೋಗಿಗಳನ್ನು ನೀನೇ ನೋಡಿಕೋ" ಎಂದರು. ವಾಮದೇವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎರಡನೆಯ ದಿನವೇ ಕೊಟ್ರಯ್ಯ ಒಲೆಯ ಮುಂದೆ ಏದುಸಿರು ಬಿಡುತ್ತಾ ಕೂತುಬಿಟ್ಟ.

"ಅಡ್ಡಾದ್ರ ಸಾಕು, ಉಸ್ರು ಕಟ್ಟತೈತಪ್ಪ. ಗ್ವಾಡಿಗೆ ಒರಗಿ ಕುಂತ್ರ ಒಂಚೂರು ಆರಾಮ."

ವಾಮದೇವ ಅವನ ಬೆನ್ನಿಗೆ ಕಿವಿಯಿಟ್ಟ. ಒಳಗೆ ಗುಳುಗುಳು ನೀರಿನ ಸದ್ದು.

"ಒಲೆಯ ಹೊಗೆ ಕುಡಿದು ಎದೆಯಲ್ಲಿ ಕಫ ಕಟ್ಟಿದೆ, ಅಜ್ಜಾ. ಆಡುಸೋಗೆ ಕಷಾಯ ಕೊಡ್ತೀನಿ. ಎಂಟು ದಿನಕ್ಕೆ ಎದ್ದು ಓಡಾಡ್ತೀರಿ."

ಎಂಟು ದಿನ ಕಳೆಯಿತು, ಹದಿನೈದೂ ಕಳೆಯಿತು. ವಾಮದೇವ ಕಷಾಯವನ್ನು ಇನ್ನಷ್ಟು ಗಟ್ಟಿಯಾಗಿ ಕುದಿಸಿದ. ಅಲ್ಪವಿದ್ಯೆ ಮಹಾಗರ್ವ ಎನ್ನುತ್ತಾರೆ, ನಿಜ. ಆದರೂ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಸ್ವಂತ ಅಜ್ಜನಿಗೆ ಮಾಡಿದ ಹಾಗೆ ಆ ಮುದುಕನ ಸೇವೆ ಮಾಡಿದ್ದ.

ಗುರುಗಳು ಮರಳಿದಾಗ ಕೊಟ್ರಯ್ಯನಿಗೆ ಎರಡು ಮಾತು ಒಟ್ಟಿಗೆ ಆಡಲಾಗುತ್ತಿರಲಿಲ್ಲ. ಅವರು ಅವನ ಕಾಲ ಬಳಿ ಕುಳಿತು ಕಂಬಳಿ ಸರಿಸಿದರು. ಪಾದ ಊದಿತ್ತು. ಹೆಬ್ಬೆರಳಿನಿಂದ ಒತ್ತಿ ತೆಗೆದರು. ಬಿದ್ದ ಕುಳಿ ತುಂಬಿಕೊಳ್ಳಲಿಲ್ಲ.

"ಉಸಿರಿನ ರೋಗಕ್ಕೆ ಕಾಲು ಯಾಕೆ ನೋಡ್ತೀರಿ, ಗುರುಗಳೇ?" ವಾಮದೇವ ಕೇಳಿದ.

"ಎದೆಯಲ್ಲಿ ಏನು ಕೇಳಿಸಿತು?"

"ನೀರು."

"ಸರಿಯಾಗೇ ಕೇಳಿದ್ದೀಯ. ಅದು ಯಾಕೆ ಬಂತು ಅಂತ ಯೋಚಿಸಲಿಲ್ಲ. ಹೃದಯ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ. ಅಲ್ಲಿ ಅದು ಉಸಿರಿನಿಂದ ಪ್ರಾಣವಾಯು ತುಂಬಿಕೊಂಡು ಮತ್ತೆ ಹೃದಯಕ್ಕೇ ಬರುತ್ತೆ. ಆಮೇಲೆ ಹೃದಯ ಅದನ್ನು ಮೈಗೆಲ್ಲ ಹಂಚುತ್ತೆ. ಹೃದಯ ಸೋತರೆ?"

ವಾಮದೇವ ತಡವರಿಸಿದ. "ಬಂದದ್ದನ್ನು ಮುಂದೆ ತಳ್ಳಲಾಗದು. ರಕ್ತ ಹಿಂದೆ, ಶ್ವಾಸಕೋಶದಲ್ಲೇ ನಿಲ್ಲುತ್ತೆ."

"ನಿಂತಲ್ಲಿ ನೀರು ಒಸರುತ್ತೆ. ಕೆಳಗಿನಿಂದ ಏರಬೇಕಾದ ರಕ್ತವೂ ನಿಲ್ಲುತ್ತೆ, ಕಾಲು ಊದುತ್ತೆ. ನರಳಿದ್ದು ಶ್ವಾಸಕೋಶ. ಸೋತಿದ್ದು ಹೃದಯ."

ವಾಮದೇವ ಕಷಾಯದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ. "ಈಗ ಹೃದಯಕ್ಕೆ ಔಷಧಿ ಕೊಟ್ಟರೆ?"

"ಕೊಡೋಣ. ಆದರೆ ಕಾಲ ಮಿಂಚಿದೆ."

ಕೊಟ್ರಯ್ಯ ಕಣ್ಣು ತೆರೆದ. "ಹುಡುಗನ್ನ ಬೈಬ್ಯಾಡ್ರಿ. ಕಷಾಯ ಕುಡಿಸೋದು... ಒಂದಿನಾನೂ ತಪ್ಪಿಸಿಲ್ಲ."

ಮೂರನೆಯ ದಿನ ಗೋಡೆಗೆ ಒರಗಿದ್ದ ಹಾಗೆಯೇ ಅವನ ಪ್ರಾಣ ಹೋಯಿತು.

ಮಣ್ಣು ಕೊಟ್ಟು ಬಂದು ಇಬ್ಬರೂ ಹೊಳೆಯ ದಡದಲ್ಲಿ ಕುಳಿತರು. ಅಂದು ಆಶ್ರಮದಲ್ಲಿ ಒಲೆ ಹತ್ತಲಿಲ್ಲ.

"ಗುರುಗಳೇ, ಅಜ್ಜನ ಕಾಲನ್ನು ನಾನು ದಿನಾ ಬೆಳಿಗ್ಗೆ ಮುಟ್ಟಿದ್ದೇನೆ."

ಗುರುಗಳು ಅವನತ್ತ ತಿರುಗಿದರು.

"ಅನ್ನ ಹಾಕುವವರಿಗೆ ನಮಸ್ಕರಿಸದೆ ಪಾಠಕ್ಕೆ ಕೂರಬಾರದು ಅಂತ ಇಲ್ಲಿಯ ಪದ್ಧತಿ. ನೀವು ಇಲ್ಲದಾಗಲೂ ಬಿಡಲಿಲ್ಲ. ಊದಿದ ಆ ಪಾದಗಳ ಮೇಲೆ ಎರಡೂ ಕೈ ಇಟ್ಟಿದ್ದೇನೆ. ಬಾಯಲ್ಲಿ ಮಂತ್ರವಿತ್ತು, ಕಣ್ಣು ಮುಚ್ಚಿತ್ತು. ಅಜ್ಜ ತಲೆ ಮುಟ್ಟಿ ಹರಸುತ್ತಿದ್ದರು. ನಾನು ಎದ್ದು ಬರುತ್ತಿದ್ದೆ."

ಅವನು ಅತ್ತ. ಗುರುಗಳು ತಡೆಯಲಿಲ್ಲ.

"ವೈದ್ಯ ನನಗೆ ದಕ್ಕುವ ವಿದ್ಯೆಯಲ್ಲ. ನಾಳೆಯೇ ಆಶ್ರಮ ಬಿಟ್ಟು ಊರಿಗೆ ಹೋಗ್ತೀನಿ, ಅಪ್ಪಣೆ ಕೊಡಿ."

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ನಮಸ್ಕರಿಸುವಾಗ ಕಣ್ಣು ಮುಚ್ಚು ಅಂತ ನಿನಗೆ ಕಲಿಸಿದವನು ನಾನು. ಬಿಟ್ಟು ಹೋಗೋದಾದರೆ ಇಬ್ಬರೂ ಹೋಗಬೇಕು, ವಾಮದೇವ."