ಕುದ್ರುವಿಗೆ ಹೋದ ಸುಂಡಿಲಿ

ಮಕ್ಕಳೇ, ಹೊಳೆಯೊಂದು ಕಡಲು ಸೇರುವ ಕಡೆ ಗರಿಕೆ ಎಂಬ ಮೊಲ ವಾಸವಾಗಿತ್ತು. ಅದರ ನೆರೆಯ ಬಿಲದಲ್ಲಿ ಚೂಪಿ ಎಂಬ ಸುಂಡಿಲಿ ತನ್ನ ಪುಟ್ಟ ಮರಿಗಳೊಂದಿಗೆ ಇತ್ತು. ಚೂಪಿಗೆ ಕಣ್ಣು ಮಂದ. ಹಾಗಾಗಿ ಎಲ್ಲದಕ್ಕೂ ಮೊಲವನ್ನೇ ಕೇಳುತ್ತಿತ್ತು. ಗರಿಕೆಯೋ, ಏನು ಕೇಳಿದರೂ "ನಂಗೊತ್ತು" ಎನ್ನುತ್ತಿತ್ತು.

ಹೊಳೆಯ ನಡುವೆ ಒಂದು ಕುದ್ರು, ಅಂದರೆ ಸಣ್ಣ ದ್ವೀಪ. ಕಡಲು ಇಳಿದಾಗ ಅಲ್ಲಿಗೆ ಮರಳಿನ ದಾರಿ ತೆರೆಯುತ್ತಿತ್ತು, ಉಬ್ಬರ ಬಂದಾಗ ಮುಳುಗುತ್ತಿತ್ತು. ಹಿಂದೊಮ್ಮೆ ಗರಿಕೆ ಎರಡು ದಿನ ಅಲ್ಲಿ ಹುಲ್ಲು ಮೇಯ್ದು ಬಂದಿತ್ತು. ಎರಡು ದಿನವೂ ನೀರು ಏರಿದ್ದು ಮಧ್ಯಾಹ್ನದ ಮೇಲೆ.

ಹತ್ತು ದಿನ ಕಳೆಯಿತು. ಚೂಪಿಯ ಮನೆಯಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ.

"ಬಾರೇ, ಮರಳಿನ ಗುಂಡಿಗಳಲ್ಲಿ ಸಿಗಡಿ ರಾಶಿ ಬಿದ್ದಿರುತ್ತೆ" ಎಂದು ಗರಿಕೆ ಬೆಳಕು ಹರಿಯುವಾಗಲೇ ಅದನ್ನು ಕರೆಯಿತು.

ದಡದಲ್ಲಿದ್ದ ಮುದಿ ನೀರುನಾಯಿ ತಡೆಯಿತು. "ಈಗ ಬೇಡ ಮಕ್ಕಳೇ. ಕಡಲು ನಡೆಯುವುದು ಚಂದ್ರನ ಲೆಕ್ಕದಲ್ಲಿ. ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಇವತ್ತಿನ ಹೊತ್ತಿಗಿಂತ ನಾಳೆ ಮುಕ್ಕಾಲು ಗಂಟೆಯಷ್ಟು ತಡ. ಹಾಗೆ ಜರುಗಿ ಜರುಗಿ, ಹತ್ತು ದಿನದ ಹಿಂದೆ ರಾತ್ರಿ ಆಗುತ್ತಿದ್ದ ಇಳಿತ ಈಗ ಬೆಳಗಿನ ಜಾವಕ್ಕೆ ಬಂದಿದೆ. ಇನ್ನೇನು ನೀರು ಏರುತ್ತೆ."

"ಮಾವ, ನಾನು ಕಣ್ಣಾರೆ ನೋಡಿದ್ದೇನೆ. ಮಧ್ಯಾಹ್ನದವರೆಗೆ ಭಯವಿಲ್ಲ" ಎಂದಿತು ಗರಿಕೆ.

ಚೂಪಿ ಅನುಮಾನದಿಂದ ನಿಂತಿತು. "ಅಕ್ಕ, ನಿಜವಾಗಿಯೂ ಗೊತ್ತಾ?"

"ನಂಗೊತ್ತು, ಬಾ!"

ಚೂಪಿ ನಂಬಿ ಹೊರಟಿತು. ನೀರುನಾಯಿ ತಲೆ ಅಲ್ಲಾಡಿಸುತ್ತ ಮೀನಿಗಾಗಿ ಹೊಳೆಯ ಮೇಲ್ಭಾಗಕ್ಕೆ ಈಜಿಹೋಯಿತು.

ಗರಿಕೆ ಕುದ್ರುವಿನಲ್ಲಿ ಮೇಯುತ್ತಿತ್ತು, ಚೂಪಿ ದಾರಿಯ ನಡುವೆ ಸಿಗಡಿ ಹುಡುಕುತ್ತಿತ್ತು. ಬಿಸಿಲು ಇನ್ನೂ ಎಳೆಯದು. ಅಷ್ಟರಲ್ಲಿ ಎರಡೂ ಬದಿಯಿಂದ ನೀರು ಸದ್ದಿಲ್ಲದೆ ಒಳನುಗ್ಗಿತು.

ತಣ್ಣನೆಯ ನೀರು ಕಾಲಿಗೆ ತಾಗಿದ್ದೇ ಗರಿಕೆ ಬೆದರಿತು. ಹಿಂದೆ ಮುಂದೆ ನೋಡದೆ ಒಂದೇ ಉಸಿರಿಗೆ ಜಿಗಿಜಿಗಿದು ದಡ ಸೇರಿತು. ಆಮೇಲಷ್ಟೇ ಅದಕ್ಕೆ ಚೂಪಿಯ ನೆನಪಾಯಿತು.

"ಚೂಪೀ! ಈ ಕಡೆ ಬಾ!"

"ಯಾವ ಕಡೆ ಅಕ್ಕಾ? ಏನೂ ಕಾಣ್ತಿಲ್ಲ!"

ಗರಿಕೆ ಮತ್ತೆ ನೀರಿಗೆ ಇಳಿಯಿತು. ನುಗ್ಗುವ ನೀರು ಅದನ್ನು ದಡಕ್ಕೇ ಎತ್ತಿ ಎಸೆಯಿತು. ಇನ್ನೊಮ್ಮೆ ಕೂಗಿತು. ಉತ್ತರ ಬರಲಿಲ್ಲ.

ಮಧ್ಯಾಹ್ನ ಬಿಲದಿಂದ ಮರಿಗಳು ಹೊರಬಂದವು. ಸುಂಡಿಲಿ ಮರಿಗಳು ಮುಂದಿನದರ ಬಾಲದ ಬುಡವನ್ನು ಕಚ್ಚಿ ಹಿಡಿದು ಸಾಲಾಗಿ ನಡೆಯುತ್ತವೆ. ಎಲ್ಲಕ್ಕಿಂತ ಮುಂದೆ ತಾಯಿ ಇರುತ್ತದೆ. ಅಂದು ಮೊದಲನೆಯ ಮರಿಗೆ ಹಿಡಿಯಲು ಏನೂ ಇರಲಿಲ್ಲ. ಅದು ಬಾಯಿ ತೆರೆದು ಗಾಳಿಯಲ್ಲಿ ತಡಕಾಡುತ್ತ ಕೇಳಿತು:

"ದೊಡ್ಡಮ್ಮ, ಅಮ್ಮ ಯಾವಾಗ ಬರ್ತಾಳೆ?"

ಗರಿಕೆ ಮೆಲ್ಲಗೆ ತಿರುಗಿ, ತನ್ನ ಮೋಟು ಬಾಲವನ್ನು ಆ ಮರಿಯ ಬಾಯಿಗೆ ಕೊಟ್ಟಿತು.

ನೀತಿ: ಒಂದೆರಡು ಸಲ ಕಂಡಿದ್ದಕ್ಕೇ ಎಲ್ಲ ಗೊತ್ತೆಂದುಕೊಂಡು, ನಿಮ್ಮನ್ನು ನಂಬಿದವರ ಕೈ ಹಿಡಿದು ನಡೆಸಬೇಡಿ, ನಿಮ್ಮ ತಪ್ಪಿಗೆ ಅವರು ಜೀವ ತೆರಬೇಕಾದೀತು.