ಚೆನ್ನಿಯ ಪಥ್ಯ

ನದಿಯ ದಡದಲ್ಲಿ ಸೋಮಯ್ಯ ಪಂಡಿತರ ಆಶ್ರಮವಿತ್ತು. ಅಲ್ಲಿ ಅವರು ಶಿಷ್ಯರಿಗೆ ವೈದ್ಯ ಕಲಿಸುತ್ತಿದ್ದರು, ರೋಗಿಗಳನ್ನೂ ನೋಡುತ್ತಿದ್ದರು.

ಒಮ್ಮೆ ಕಾಳವ್ವ ಎಂಬಾಕೆ ಏಳು ವರ್ಷದ ಮಗಳು ಚೆನ್ನಿಯನ್ನು ಹೊತ್ತು ತಂದಳು. ಪಂಡಿತರು ನಾಡಿ ನೋಡಿದರು. ಅದು ವಾಸಿಯಾಗುವ ರೋಗವಲ್ಲ. ತಾಯಿಗೆ ಹಾಗೆಂದೇ ಹೇಳಿದರು. ಆದರೂ ಒಂದು ತಿಂಗಳು ಮದ್ದು ಕೊಟ್ಟು ನೋಡಿದರು.

ಆರೈಕೆ ಶಿಷ್ಯ ಬಸವಂತನದು. ಅವನು ಬಲು ಕಟ್ಟುನಿಟ್ಟಿನವನು. ದಿನಕ್ಕೆ ಮೂರು ಸಲ ಕಷಾಯ. ಊಟಕ್ಕೆ ಪಥ್ಯ; ಎಂದರೆ ಉಪ್ಪಿಲ್ಲ, ಹುಳಿಯಿಲ್ಲ, ಬರೀ ಗಂಜಿ.

“ಮೊದಲು ನೀನು ಕುಡಿ ಅಣ್ಣಾ, ಆಮೇಲೆ ನಾನು,” ಎನ್ನುತ್ತಿದ್ದಳು ಚೆನ್ನಿ.

ಅವನು ನಗುತ್ತಿರಲಿಲ್ಲ. ತಾಯಿ ಮಗುವಿನ ಕೈ ಹಿಡಿಯುತ್ತಿದ್ದಳು, ಇವನು ಬಾಯಿಗೆ ಹೊಯ್ಯುತ್ತಿದ್ದ.

ಒಂದು ಬೆಳಿಗ್ಗೆ ಚೆನ್ನಿ ಕಷಾಯವನ್ನು ಉಗಿದುಬಿಟ್ಟಳು. ಉಪ್ಪು ಹಚ್ಚಿದ ಮಾವಿನಕಾಯಿ ಬೇಕು ಎಂದಳು.

ಬಸವಂತ ಗುರುಗಳನ್ನು ಕರೆತಂದ, ಅವರಾದರೂ ಗದರಲಿ ಎಂದು.

ಪಂಡಿತರು ಅವನ ಕೈಗೆ ಒಂದು ಮಾವಿನಕಾಯಿಯನ್ನೂ ಚಾಕುವನ್ನೂ ಕೊಟ್ಟರು. “ಹೆಚ್ಚಿಕೊಡು.”

“ಗುರುಗಳೇ, ಪಥ್ಯ ಕೆಡುತ್ತದೆ!”

“ಕೆಡದಿದ್ದರೆ?”

“ಇನ್ನೂ ನಾಲ್ಕು ದಿನ ಹೆಚ್ಚು ಬದುಕಬಹುದು.”

“ಆ ನಾಲ್ಕು ದಿನ ಅವಳು ಏನು ಮಾಡುತ್ತಾಳೆ?”

ಬಸವಂತ ಯೋಚಿಸಿದ. ಸುಳ್ಳು ಹೇಳುವವನಲ್ಲ ಅವನು.

“ಕಷಾಯ ಕುಡಿಯುತ್ತಾಳೆ,” ಎಂದ.

ಕಾಳವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮದ್ದು ನಿಲ್ಲಿಸುವ ಮಾತು ಇದು ಎಂದು ಅವಳಿಗೆ ತಿಳಿಯಿತು.

“ನಾನು ಹೂಂ ಅಂದರೆ ನಾನೇ ಕೊಂದ ಹಾಗಲ್ಲವೇ, ಪಂಡಿತರೇ?”

“ಕೊಲ್ಲುತ್ತಿರುವುದು ರೋಗ, ತಾಯಿ. ನಿಲ್ಲಿಸು ಅನ್ನುತ್ತಿರುವವನು ನಾನು. ನಿಲ್ಲಿಸುವುದು ಬೇಡ ಅನ್ನಿಸಿದರೆ ಈಗಲೇ ಹೇಳು, ಮುಂದುವರಿಸೋಣ.”

ಕಾಳವ್ವ ಮಗಳ ಗಲ್ಲಕ್ಕೆ ಅಂಟಿದ್ದ ಕಷಾಯವನ್ನು ಸೆರಗಿನಿಂದ ಒರೆಸಿದಳು.

“ನಿಲ್ಲಿಸಿ,” ಎಂದಳು. “ಆದರೆ ಅವಳಿಗೆ ನೋವಾಗಬಾರದು.”

“ನೋವಿನ ಮದ್ದು ನಿಲ್ಲುವುದಿಲ್ಲ,” ಎಂದರು ಪಂಡಿತರು.

ಬಸವಂತ ಕಾಯಿ ಹೆಚ್ಚಿ ಉಪ್ಪು ಹಚ್ಚಿದ. ಚೆನ್ನಿ ಒಂದು ಹೋಳು ಕಚ್ಚಿ ಮುಖ ಕಿವುಚಿದಳು. ಹುಳಿಗೆ ಕಣ್ಣಲ್ಲಿ ನೀರು ಬಂತು. ಆದರೂ ಅವಳು ನಗುತ್ತಿದ್ದಳು. ಆಶ್ರಮಕ್ಕೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಸವಂತ ಮದ್ದು ಕುಟ್ಟುವ ಕುಟ್ಟಾಣಿ ಎತ್ತಿಕೊಂಡು ಬಾಗಿಲ ಕಡೆ ನಡೆದ. ಅವನಿಗೆ ತಾನು ಸೋತೆ ಅನ್ನಿಸಿತ್ತು.

“ಎಲ್ಲಿಗೆ?” ಎಂದರು ಪಂಡಿತರು.

“ಕಷಾಯ ನಿಂತ ಮೇಲೆ ಇಲ್ಲಿ ನನಗೇನು ಕೆಲಸ, ಗುರುಗಳೇ?”

“ಅದನ್ನು ಕೆಳಗಿಟ್ಟು ಕೂತುಕೋ ಬಸವಂತ. ಇಷ್ಟು ದಿನ ಅವಳ ಹತ್ತಿರ ಕಷಾಯವಿತ್ತು. ಇನ್ನು ನೀನಿರು.”