ಆಸೆಲನ ಮೂಕ ಗಾಡಿ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂದರೆ, ಬೆಟ್ಟದಾಚೆಯ ಉಪ್ಪುಕೆರೆ ಕಣಿವೆಯಲ್ಲಿ ಹೊಗೆಯಾಡುವ ಒಲೆಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆಗ ಮೂಡಣದಲ್ಲಿ, ದೊಡ್ಡ ಹೊಳೆಯ ದಂಡೆಯ ಒಂದೂರಲ್ಲಿ, ಆಸೆಲ್ ಅಂತ ಒಬ್ಬ ಗಾಡಿ ಬಡಗಿ ಇದ್ದನಂತೆ. ಕ್ರೈಸ್ತರಲ್ಲೇ ಹೊಸದಾಗಿ ಎದ್ದ ಮಾರ್ಮನ್ ಮತದವನು. ಬೆರಳ ಗಿಣ್ಣಿನಿಂದ ಮರವನ್ನು ಒಮ್ಮೆ ತಟ್ಟಿ ಕಿವಿಗೊಟ್ಟರೆ ಸಾಕು, ಅದನ್ನು ಕಡಿದು ಎಷ್ಟು ವರ್ಷವಾಯಿತು, ಅದರಲ್ಲಿ ಎಷ್ಟು ಹಕ್ಕಿ ಗೂಡು ಕಟ್ಟಿದ್ದವು ಅಂತ ಹೇಳಿಬಿಡುತ್ತಿದ್ದನಂತೆ. ಹಕ್ಕಿಯ ಮಾತು ಸುಳ್ಳಿರಬಹುದು. ಮರದ ಮಾತು ಸುಳ್ಳಲ್ಲ.

ಆ ಮತದವರನ್ನು ಅಲ್ಲಿಯ ಜನ ಇರಗೊಡಲಿಲ್ಲ. ಮನೆಗಳಿಗೆ ಬೆಂಕಿ ಇಟ್ಟು ಓಡಿಸಿದರಂತೆ. ಬೆಟ್ಟದಾಚೆ ತಮ್ಮವರು ಕೆಲವರು ನೆಲೆ ನಿಂತಿದ್ದಾರೆ ಅಂತ ಸುದ್ದಿ. ದಾರಿ ಸಾವಿರ ಮೈಲಿ. ಎತ್ತಿಲ್ಲ, ಕುದುರೆಯಿಲ್ಲ. ಕೈಯಲ್ಲೇ ಎಳೆಯುವ ಗಾಡಿ ನಲವತ್ತು ಬೇಕು ಅಂದನಂತೆ ತಂಡದ ಹಿರಿಯ.

ಆಸೆಲ್ ಮರ ತಟ್ಟಿ ನೋಡಿದ. ಹಸಿ. ಒಂದು ವರ್ಷವಾದರೂ ಒಣಗಲಿ ಅಂದ.

"ಅಷ್ಟರಲ್ಲಿ ಬೆಟ್ಟದ ದಾರಿಗೆ ಹಿಮ ಕೂರುತ್ತೆ. ನೀನು ಮಾಡಯ್ಯ, ದೇವರು ಒಣಗಿಸ್ತಾನೆ," ಅಂದ ಹಿರಿಯ.

ದೇವರು ಒಣಗಿಸಿದ. ಆದರೆ ದಾರಿಯ ನಡುವೆ.

ಮೂವತ್ತೊಂಬತ್ತು ಗಾಡಿಯನ್ನು ಆಸೆಲ್ ಹಸಿ ಮರದಲ್ಲೇ ಮಾಡಿದ. ನಲವತ್ತನೆಯದು ತನ್ನದು. ಹೆಂಡತಿ ತಿರ್ಜಾ ಐದು ತಿಂಗಳ ಬಸುರಿ. ಮದುವೆಯಾದಾಗ ಅವಳಿಗೊಂದು ಮೇಜು ಮಾಡಿಕೊಡುತ್ತೇನೆ ಅಂತ ಒಂಬತ್ತು ವರ್ಷದಿಂದ ಅಟ್ಟದಲ್ಲಿ ಒಣಗಿಸಿದ್ದ ಓಕ್ ಹಲಗೆಗಳು ಅವನ ಹತ್ತಿರ ಇದ್ದವು. ಬೆಂಕಿಯಲ್ಲೂ ಅವನ್ನೇ ಮೊದಲು ಹೊರಗೆಳೆದಿದ್ದನಂತೆ. ಅವನ್ನು ಕೊಯ್ದು ತನ್ನ ಗಾಡಿ ಕಟ್ಟಿದ. ಒಣಮರದ ಬಣ್ಣ ಗೊತ್ತಾಗದಿರಲಿ ಅಂತ ಕೆಸರು ಬಳಿದ. ಯಾರಿಗೂ ಹೇಳಲಿಲ್ಲ.

ಹೊಳೆ ದಾಟಿದರು, ಬಯಲಿಗೆ ಬಿದ್ದರು. ಆ ಬಯಲಲ್ಲಿ ಮರವೇ ಇಲ್ಲವಂತೆ. ಬರೀ ಹುಲ್ಲು, ಬರೀ ಬಿಸಿಲು. ಹಸಿ ಮರ ಒಣಗಿ ಕುಗ್ಗಿತು, ಗಾಲಿಯ ಕಡ್ಡಿಗಳು ನಡುವಿನ ಗುಂಬದಲ್ಲಿ ಸಡಿಲವಾದವು. ಮೂವತ್ತೊಂಬತ್ತು ಗಾಡಿ ಒಟ್ಟಿಗೆ ಕಿರುಗುಟ್ಟಿದ್ದಕ್ಕೆ, ತಮ್ಮ ಕರುಗಳೇ ಅಳುತ್ತಿವೆ ಅಂದುಕೊಂಡು ಕಾಡುಕೋಣಗಳ ಹಿಂಡು ಮೂರು ದಿನ ಹಿಂಬಾಲಿಸಿತಂತೆ. ನಂಬದವರು ಆ ಕೋಣಗಳನ್ನೇ ಕೇಳಿಕೊಳ್ಳಲಿ.

ನಲವತ್ತನೆಯ ಗಾಡಿ ಮಾತ್ರ ತುಟಿ ಬಿಚ್ಚಲಿಲ್ಲ.

ತಬಿತಾ ಅನ್ನುವ ವಿಧವೆ ಮುದುಕಿ ಅದರ ಹಿಂದೆಯೇ ತನ್ನ ಗಾಡಿ ಎಳೆಯುತ್ತಿದ್ದಳು. "ಏನಯ್ಯ ಆಸೆಲ್, ನಿನ್ನ ಗಾಡಿ ಯಾಕೆ ಮೂಕಾಗಿದೆ? ಹೆಂಡತಿಗೆ ಹೆದರಿದೆಯಾ?" ಅಂತ ಕೇಳಿದಳಂತೆ.

"ಕೀಲೆಣ್ಣೆ ಜಾಸ್ತಿ ಹಾಕಿದೀನಿ, ಅಜ್ಜಿ," ಅಂದುಬಿಟ್ಟ.

ಮಾರನೆಯ ಬೆಳಿಗ್ಗೆ ತಂಡದವರೆಲ್ಲ ಬಟ್ಟಲು ಹಿಡಿದು ಅವನ ಮುಂದೆ ನಿಂತಿದ್ದರಂತೆ. ಅವನಿಗೆ ಮುಖ ಎತ್ತಲಾಗಲಿಲ್ಲ. ಇದ್ದ ಎಣ್ಣೆಯನ್ನೆಲ್ಲ ಹಂಚಿದ. ಎಣ್ಣೆಯಿಂದ ಏನಾದೀತು? ಮಧ್ಯಾಹ್ನಕ್ಕೆ ತಬಿತಾಳ ಗಾಲಿ ಕಡ್ಡಿ ಕಡ್ಡಿಯಾಗಿ ಉದುರಿತು. ಮುದುಕಿ ಬೈಯಲಿಲ್ಲ. ಉದುರಿದ್ದನ್ನು ಸೌದೆಯ ಹಾಗೆ ಮಡಿಲಲ್ಲಿ ಆಯ್ದುಕೊಂಡು, "ನೀವು ನಡೀರಪ್ಪ, ಹಿಮಕ್ಕೆ ಮುಂಚೆ ಸೇರಿಕೊಳ್ಳಿ," ಅಂದು ಹುಲ್ಲಲ್ಲಿ ಕೂತಳಂತೆ.

ಆಸೆಲ್ ತನ್ನ ಗಾಡಿ ನಿಲ್ಲಿಸಿದ. ಉಪಾಯ ಅವನಿಗೆ ಗೊತ್ತಿತ್ತು. ಸಡಿಲಾದ ಕಡ್ಡಿಗೆ ಒಣಮರದ ಬೆಣೆ ಬಡಿದರೆ ಗಾಲಿ ನಿಲ್ಲುತ್ತೆ. ಆ ಬಯಲಲ್ಲಿ ಒಣಮರ ಇದ್ದದ್ದು ಒಂದೇ ಕಡೆ, ಗಾಡಿಯಲ್ಲಿ ಕೂತ ತಿರ್ಜಾಳ ಕೆಳಗೆ. ಅದನ್ನು ಸೀಳಿದರೆ ಏಳು ತಿಂಗಳ ಬಸುರಿ ಬೆಟ್ಟ ಹತ್ತುವುದು ಹೇಗೆ? ಅವಳ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡನಂತೆ.

"ಕೆಸರು ಬಳಿದ ದಿನವೇ ಗೊತ್ತಾಯ್ತು," ಅಂದಳು ತಿರ್ಜಾ. "ಒಂಬತ್ತು ವರ್ಷ ಧೂಳು ಒರೆಸಿದವಳಿಗೆ ತನ್ನ ಮೇಜಿನ ಹಲಗೆ ಗುರುತು ಸಿಗಲ್ವಾ? ನೀನು ಹೇಳ್ತೀಯ ಅಂತ ಕಾದೆ." ಆಮೇಲೆ ಹೊಟ್ಟೆ ಹಿಡಿದುಕೊಂಡು ಕೆಳಗಿಳಿದಳು. "ನಾನು ಕೂತ ಹಲಗೆ ಮೊದಲು ತೆಗಿ."

ಆಸೆಲ್ ತಂಡದೆದುರು ನಿಂತು ತಪ್ಪು ಹೇಳಿಕೊಂಡ. ಹಿರಿಯ, ಆ ತಪ್ಪಿನಲ್ಲಿ ತನಗೂ ಪಾಲಿದೆ ಅಂದನಂತೆ. ಆಮೇಲೆ ಎರಡು ಹಗಲು ಬೆಣೆ ಕೆತ್ತಿದ್ದೇ ಕೆತ್ತಿದ್ದು. ಸಾವಿರ ಬೆಣೆ ಅಂತಾರೆ. ಮೊದಲನೆಯದು ತಬಿತಾಳ ಗಾಲಿಗೆ. ಗಾಡಿಯ ಮರವೆಲ್ಲ ಮುಗಿಯಿತು, ಇನ್ನೂ ನಾಲ್ಕು ಬೆಣೆ ಕಡಿಮೆ. ಬೆಣೆ ಬಡಿಯುವ ಕೊಡತಿಯ ಹಿಡಿ ಮುರಿದು ಅವನ್ನೂ ಮಾಡಿದ, ಕಲ್ಲಲ್ಲಿ ಬಡಿದ.

ತಿರ್ಜಾ ನಡೆಯಲಿಲ್ಲ. ದಿನಕ್ಕೊಂದರಂತೆ ಗಾಡಿಗಳು ಸರದಿಯ ಮೇಲೆ ಅವಳನ್ನು ಹೊತ್ತವು. ಇವತ್ತು ನಮ್ಮದು ಅಂತ ಜಗಳವೇ ಆಗುತ್ತಿತ್ತಂತೆ. ಬೆಟ್ಟದ ನೆತ್ತಿಯಲ್ಲಿ ಹಿಮಗಾಳಿ ಎದ್ದ ಮಧ್ಯಾಹ್ನ, ಗಾಡಿಗಳನ್ನೆಲ್ಲ ಸುತ್ತ ಒತ್ತಾಗಿ ನಿಲ್ಲಿಸಿದ ಗದ್ದಲದಲ್ಲಿ ಅವಳ ಮಗಳು ಜೆರೂಷಾ ಹುಟ್ಟಿದಳು. ಯಾರ ಗಾಡಿಯಲ್ಲಿ ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮೂವತ್ತೊಂಬತ್ತು ಮನೆತನದವರೂ ನಮ್ಮದರಲ್ಲೇ ಅಂತಾರೆ. ಅವರಲ್ಲಿ ಮೂವತ್ತೆಂಟು ಮನೆಯವರು ಸುಳ್ಳು ಹೇಳುತ್ತಾರೆ. ಆ ದಿನ ಮಗು ಅತ್ತ ದನಿಗೆ ಕೆಳಗಿನ ಬಯಲಲ್ಲಿ ಕೋಣಗಳು ತಲೆಯೆತ್ತಿದವಂತೆ.

ಅವರು ಹೋಗಿ ಸೇರಿದ ಉಪ್ಪುಕೆರೆ ಕಣಿವೆಯಲ್ಲಿ ಈಗಲೂ ಯಾರ ಮನೆಗೆ ತೊಟ್ಟಿಲು ಮಾಡಿದರೂ, ಬೇಕಿರಲಿ ಬೇಡದಿರಲಿ, ಒಂದು ಒಣ ಬೆಣೆ ಬಡಿಯುತ್ತಾರೆ. ಆ ಬೆಣೆಯನ್ನು ಬೇರೆಲ್ಲಿಂದಲೂ ತರುವ ಹಾಗಿಲ್ಲ. ಮನೆಯವರು ಉಣ್ಣುವ ಮೇಜಿನ ಅಂಚಿನಿಂದಲೇ, ಗಿಣ್ಣಿನಿಂದ ತಟ್ಟಿ ಕೇಳಿ, ಕತ್ತರಿಸಬೇಕು. ಹಾಗಾಗಿ ಅಲ್ಲಿನ ಮೇಜುಗಳ ಅಂಚೆಲ್ಲ ಕಚ್ಚು ಕಚ್ಚು. ಹೊಸ ನೆಂಟರು ಕೂತು ಮೊಣಕೈ ಊರಿದರೆ ಜಾರುತ್ತದೆ. ಆಗ ಮನೆಯಾಕೆ ನಗುತ್ತಾಳೆ, ಈ ಕಚ್ಚು ದೊಡ್ಡವನದು, ಇದು ನಡುವಿನವಳದು ಅಂತ ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾಳೆ.